ಮನೆಗೆ ಅರಿವು ಬಂದೀತೇ?

ಹಿಂದಿನ ತುಂಬಿದ ಮನೆಗಳಲ್ಲಿ ಪಡಸಾಲೆಯಲ್ಲಿ ಮಲಗಿದ ಅಜ್ಜ ಒಂದು ಸಲ ಹೆಚ್ಚಾಗಿ ಕೆಮ್ಮಿದರೆ ಅಡುಗೆಮನೆಯಲ್ಲಿದ್ದ ಸೊಸೆಯ ಕಿವಿಗೆ ಬೀಳುತ್ತಿತ್ತು. ಬೆಳಗಿನ ಹೊತ್ತಿಗೆ ಅಜ್ಜಿ ಅಂಗಳಕ್ಕೆ ಬರಲಿಲ್ಲವೆಂದರೆ ನೆರೆಮನೆಯವರು ಬಾಗಿಲಿಗೆ ಬಂದು, "ಯಾಕವ್ವಾ, ಇನ್ನೂ ಎದ್ದಿಲ್ಲೇನು?" ಎಂದು ವಿಚಾರಿಸುತ್ತಿದ್ದರು. ಮನೆಯವರ ಕಣ್ಣು ಕಿವಿಗಳೇ ಮನೆಯ ಕಣ್ಣು ಕಿವಿಗಳಾಗಿದ್ದ ಕಾಲವದು. ಯಾರೂ ಯಾರ ಮೇಲೆಯೂ ಕಾವಲು ಕೂತಿರಲಿಲ್ಲ. ಆದರೂ ಯಾರ ಸುಖದುಃಖವೂ ಮತ್ತೊಬ್ಬರಿಗೆ ಮರೆಯಾಗಿ ಉಳಿಯುತ್ತಿರಲಿಲ್ಲ.

ಇಂದು ಅಂಥ ಮನೆಗಳಲ್ಲಿ ಇಬ್ಬರು, ಹಲವೆಡೆ ಒಬ್ಬರೇ ಉಳಿದಿದ್ದಾರೆ. ಮಗ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಉದ್ಯೋಗದಲ್ಲಿದ್ದಾನೆ. ಮಗಳು ಸಂಸಾರದೊಡನೆ ಅಮೆರಿಕದಲ್ಲಿ ನೆಲೆಸಿದ್ದಾಳೆ. ದಿನಕ್ಕೊಮ್ಮೆ ಫೋನು ಬರುತ್ತದೆ. "ಅವ್ವಾ, ಆರಾಮ ಇದ್ದೀಯಲ್ಲಾ?" ಎಂದು ಮಗ ಕೇಳುತ್ತಾನೆ. "ನನಗೇನಾಗೇದಪ್ಪಾ, ಆರಾಮ ಇದ್ದೀನಿ, ನೀ ಚಿಂತಿ ಮಾಡಬ್ಯಾಡ" ಎಂದು ತಾಯಿ ಉತ್ತರಿಸುತ್ತಾಳೆ. ಹಿಂದಿನ ದಿನ ಬಚ್ಚಲಲ್ಲಿ ಕಾಲು ಜಾರಿದ ಸಂಗತಿ ಆ ಮಾತಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ.

೨೦೧೧ರ ಜನಗಣತಿಯ ವೇಳೆಗೆ ನಮ್ಮ ದೇಶದಲ್ಲಿ ಅರವತ್ತು ವರ್ಷ ತುಂಬಿದವರ ಸಂಖ್ಯೆ ೧೦ ಕೋಟಿಯನ್ನು ದಾಟಿತ್ತು. ಜಗತ್ತಿನಾದ್ಯಂತ ಬಿದ್ದು ಪೆಟ್ಟಾಗಿ ಮರಣ ಹೊಂದುವವರು ವರ್ಷಕ್ಕೆ ಸುಮಾರು ೬,೮೪,೦೦೦ ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ವೃದ್ಧರ ಪಾಲು ದೊಡ್ಡದು. ಹೀಗಿರುವಾಗ, ಮನೆಯವರು ದೂರವಾದರೂ ಮನೆಯೇ ಹಿರಿಯರನ್ನು ನೋಡಿಕೊಳ್ಳುವಂತೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಕಾಡಿದ್ದು ಸಹಜವಾಗಿದೆ. ಗೋಡೆ, ಬಾಗಿಲು, ನೆಲ, ಹಾಸಿಗೆಗಳಿಗೆ ಸೆನ್ಸರುಗಳನ್ನು, ಅಂದರೆ ಸಂವೇದಕಗಳನ್ನು ಅಳವಡಿಸಿ, ಅವು ಕೊಡುವ ಸುಳಿವುಗಳನ್ನು ಗಣಕಯಂತ್ರ ಅರ್ಥಮಾಡಿಕೊಳ್ಳುವಂತೆ ಮಾಡುವ ಸಂಶೋಧನೆ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದಿದೆ. ಅದು ಎಲ್ಲಿಗೆ ಮುಟ್ಟಿದೆ, ಎಲ್ಲಿ ಎಡವಿದೆ, ನಮ್ಮ ಮನೆಗಳಿಗೆ ಎಷ್ಟು ಹೊಂದೀತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಣ್ಣಿಗೆ ಕಾಣದ ಗಣಕ

ಈ ವಿಚಾರಕ್ಕೆ ಸ್ಪಷ್ಟವಾದ ರೂಪವನ್ನು ಕೊಟ್ಟವರು ಅಮೆರಿಕದ ಮಾರ್ಕ್ ವೈಸರ್. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅವರು ೧೯೯೧ರ ಸೆಪ್ಟೆಂಬರ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಗಣಕವನ್ನು ಕುರಿತು ಒಂದು ಲೇಖನ ಬರೆದರು. ಜನರು ಗಣಕದ ಮುಂದೆ ಹೋಗಿ ಕುಳಿತುಕೊಳ್ಳಬೇಕಾದ ಸ್ಥಿತಿ ಹೋಗಿ, ಗಣಕಗಳೇ ಜನರ ಸುತ್ತಲಿನ ವಸ್ತುಗಳಲ್ಲಿ ಸೇರಿಕೊಂಡು ಕಣ್ಣಿಗೆ ಕಾಣದಂತಾಗಬೇಕು ಎಂಬುದು ಅವರ ಪ್ರತಿಪಾದನೆಯಾಗಿತ್ತು. ವಿದ್ಯುತ್ ಮೋಟಾರನ್ನು ನೆನೆಯೋಣ. ಮಿಕ್ಸರಿನಲ್ಲಿ, ಫ್ಯಾನಿನಲ್ಲಿ, ನೀರೆತ್ತುವ ಪಂಪಿನಲ್ಲಿ ಮೋಟಾರು ಇದೆ. ಆದರೆ ಗೃಹಿಣಿಗೆ ತಾನು ಮೋಟಾರನ್ನು ನಡೆಸುತ್ತಿರುವೆನೆಂಬ ಭಾವನೆಯೇ ಇರುವುದಿಲ್ಲ. ಗಣಕವೂ ಹಾಗಾಗಬೇಕೆಂದು ವೈಸರ್ ಬಯಸಿದರು. ೧೯೯೯ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಅವರ ವಿಚಾರ ಮಾತ್ರ ಹಲವು ವಿಶ್ವವಿದ್ಯಾಲಯಗಳಲ್ಲಿ ಬೇರು ಬಿಟ್ಟಿತು.

ಕೊಲೊರಾಡೊ ರಾಜ್ಯದ ಬೌಲ್ಡರ್ ನಗರದಲ್ಲಿ ಪ್ರಾಧ್ಯಾಪಕ ಮೈಕೆಲ್ ಮೋಜರ್ ಅವರು ೧೯೯೦ರ ದಶಕದಲ್ಲಿ ತಾವು ವಾಸಿಸುತ್ತಿದ್ದ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಅದು ಹಳೆಯ ಶಾಲಾ ಕಟ್ಟಡವೊಂದನ್ನು ನವೀಕರಿಸಿದ ಮನೆ. ಬೆಳಕು, ಉಷ್ಣತೆ, ಸದ್ದು, ಚಲನೆ, ಬಾಗಿಲು ಕಿಟಕಿಗಳ ಸ್ಥಿತಿ ಇವನ್ನೆಲ್ಲ ಅಳೆಯುವ ೭೫ಕ್ಕೂ ಹೆಚ್ಚು ಸಂವೇದಕಗಳನ್ನು ಅಲ್ಲಿ ಕೂಡಿಸಿದ್ದರು. ಮನೆಯವರ ರೂಢಿಯನ್ನು ನೋಡಿ ನೋಡಿ ಕಲಿತು, ಅವರು ಕೇಳುವ ಮೊದಲೇ ದೀಪ ಹಚ್ಚುವ, ನೀರು ಕಾಯಿಸುವ, ಹಾಗೆಯೇ ವಿದ್ಯುತ್ತನ್ನು ಉಳಿಸುವ ಮನೆ ಅದಾಗಬೇಕಿತ್ತು. ಬಹುಮಟ್ಟಿಗೆ ಹಾಗೆಯೇ ಆಯಿತು. ಆದರೆ ಮೋಜರ್ ಅವರು ಮುಂದೆ ಬರೆದುಕೊಂಡ ಒಂದು ಅನುಭವ ಮನನೀಯವಾಗಿದೆ. ಕೆಲಸದಲ್ಲಿ ತಡವಾದ ದಿನ, ಈ ಹೊತ್ತಿಗೆ ಮನೆ ತನ್ನನ್ನು ನಿರೀಕ್ಷಿಸುತ್ತಿರುತ್ತದೆ ಎಂಬ ಸಂಕೋಚ ಅವರನ್ನು ಕಾಡತೊಡಗಿತಂತೆ! ಮನೆಗೆ ಅವರು ಪಾಠ ಕಲಿಸಹೋದರು. ಮನೆಯೂ ಅವರಿಗೆ ಪಾಠ ಕಲಿಸಿತು.

ಜಾರ್ಜಿಯ ರಾಜ್ಯದ ಅಟ್ಲಾಂಟದಲ್ಲಿ ಜಾರ್ಜಿಯ ಟೆಕ್ ಸಂಸ್ಥೆಯವರು ೧೯೯೮ರಲ್ಲಿ ಆರಂಭಿಸಿ ೨೦೦೦ದ ವೇಳೆಗೆ ಪೂರೈಸಿದ ಮೂರು ಅಂತಸ್ತಿನ, ೫,೦೪೦ ಚದರ ಅಡಿಯ ಮನೆಗೆ 'ಅವೇರ್ ಹೋಮ್' ಎಂದು ಹೆಸರಿಟ್ಟರು. ಕನ್ನಡದಲ್ಲಿ 'ಅರಿವುಳ್ಳ ಮನೆ' ಎನ್ನಬಹುದು. ಅಲ್ಲಿ ನಡೆದ ಒಂದು ಪ್ರಯೋಗದಲ್ಲಿ ನೆಲವೇ ಕಾಲಿಟ್ಟವರನ್ನು ಗುರುತಿಸುವಂತೆ ಮಾಡಿದ್ದರು. ಹೆಜ್ಜೆಯ ಭಾರ ನೆಲದ ಮೇಲೆ ಏರಿ ಇಳಿಯುವ ಬಗೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುತ್ತದೆ. ಹದಿನೈದು ಜನರ ಪೈಕಿ ನಡೆದವರು ಯಾರೆಂಬುದನ್ನು ಆ ನೆಲ ನೂರಕ್ಕೆ ೯೩ ಸಲ ಸರಿಯಾಗಿ ಹೇಳಿತು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ೨೦೦೪ರಲ್ಲಿ ಕೇಂಬ್ರಿಜ್ ನಗರದ ಒಂದು ವಸತಿಯಲ್ಲಿ ನೂರಾರು ಸಂವೇದಕಗಳನ್ನಿಟ್ಟು, ಸ್ವಯಂಸೇವಕರನ್ನು ಕೆಲವು ದಿನ ಅಥವಾ ವಾರ ಅಲ್ಲಿ ವಾಸಕ್ಕಿರಿಸಿ ಅಧ್ಯಯನ ಮಾಡಿದರು. ಫ್ಲಾರಿಡ ವಿಶ್ವವಿದ್ಯಾಲಯದ ಸುಮಿ ಹೆಲಾಲ್ ಮತ್ತು ಸಂಗಡಿಗರು ೨೦೦೫ರಲ್ಲಿ ಗೇನ್ಸ್‌ವಿಲ್ ನಗರದ ಹಿರಿಯರ ಬಡಾವಣೆಯೊಂದರಲ್ಲಿ ವೃದ್ಧರಿಗಾಗಿಯೇ ಇಂಥ ಮನೆಯೊಂದನ್ನು ಸಿದ್ಧಪಡಿಸಿದರು.

ಸುಳಿವಿನಿಂದ ಅರ್ಥಕ್ಕೆ

ಸಂವೇದಕಗಳಲ್ಲಿ ಮಾಯಾಮಂತ್ರವೇನೂ ಇಲ್ಲ. ಬಾಗಿಲ ಪಟ್ಟಿಗೆ ಒಂದು ಚಿಕ್ಕ ಅಯಸ್ಕಾಂತ, ಚೌಕಟ್ಟಿಗೆ ಒಂದು ಗುಂಡಿ. ಎರಡೂ ದೂರವಾದರೆ ಬಾಗಿಲು ತೆರೆಯಿತೆಂದು ತಿಳಿಯುತ್ತದೆ. ಗೋಡೆಯ ಮೂಲೆಯ ಚಲನ ಸಂವೇದಕವು ಮನುಷ್ಯನ ಮೈಯಿಂದ ಹೊರಡುವ ಶಾಖದ ಕಿರಣಗಳ ಏರಿಳಿತವನ್ನು ಗುರುತಿಸುತ್ತದೆ. ಹಾಸಿಗೆಯ ಕೆಳಗಿನ ಪಟ್ಟಿ ಒತ್ತಡವನ್ನು ಅಳೆಯುತ್ತದೆ. ವಿದ್ಯುತ್ ಮಾಪಕವು ಯಾವ ಉಪಕರಣ ಎಷ್ಟು ಹೊತ್ತಿಗೆ ನಡೆಯಿತೆಂಬುದನ್ನು ಹೇಳುತ್ತದೆ. ಇವೆಲ್ಲ ಇಂದು ಅಗ್ಗವಾಗಿ ದೊರೆಯುವ ವಸ್ತುಗಳು.

ಕಷ್ಟವಿರುವುದು ಅಲ್ಲಿಂದ ಮುಂದೆ. ಬಾಗಿಲು ತೆರೆಯಿತೆಂಬುದು ಸುಳಿವು. ತೆರೆದವರು ಯಾರು, ಏಕೆ ತೆರೆದರು ಎಂಬುದು ಅರ್ಥ. ಸುಳಿವಿನಿಂದ ಅರ್ಥಕ್ಕೆ ದಾಟುವ ಹಾದಿಯಲ್ಲಿ ಯಂತ್ರವು ಪ್ರತಿ ಹೆಜ್ಜೆಗೂ ಊಹೆಯನ್ನೇ ಆಶ್ರಯಿಸಬೇಕು. ಅಡುಗೆಮನೆಯಲ್ಲಿ ಬೆಳಗಿನಿಂದ ಚಲನೆಯಿಲ್ಲವೆಂದರೆ ಅಜ್ಜಿ ಕಾಯಿಲೆ ಬಿದ್ದಿರಬಹುದು, ಅಂದು ಉಪವಾಸವಿರಬಹುದು, ಪಕ್ಕದ ಮನೆಯ ಮದುವೆಗೆ ಹೋಗಿರಬಹುದು. ಮನೆಯ ಮಗುವಿಗೂ ತಿಳಿದಿರುವ ಈ ವ್ಯತ್ಯಾಸ ಯಂತ್ರಕ್ಕೆ ತಿಳಿಯದು.

ಊಹೆ ತಪ್ಪಿದರೆ ಏನಾಗುತ್ತದೆಂಬುದನ್ನು ಒಂದು ಸರಳ ಲೆಕ್ಕದಿಂದ ನೋಡೋಣ. ಬಿದ್ದವರನ್ನು ಪತ್ತೆ ಮಾಡುವ ಉಪಕರಣವೊಂದು ನಿಮಿಷಕ್ಕೊಮ್ಮೆ 'ಬಿದ್ದಿದ್ದಾರೆ' ಅಥವಾ 'ಬಿದ್ದಿಲ್ಲ' ಎಂದು ತೀರ್ಮಾನಿಸುತ್ತದೆಯೆಂದು ಇಟ್ಟುಕೊಳ್ಳಿ. ದಿನಕ್ಕೆ ೧,೪೪೦ ತೀರ್ಮಾನಗಳಾದವು. ಸಾವಿರಕ್ಕೆ ಒಂದು ಸಲ ಮಾತ್ರ ಅದು ತಪ್ಪುತ್ತದೆಯೆಂದರೂ ದಿನಕ್ಕೆ ಒಂದಕ್ಕಿಂತ ಹೆಚ್ಚು, ವರ್ಷಕ್ಕೆ ಐನೂರಕ್ಕೂ ಮೇಲ್ಪಟ್ಟು ಸುಳ್ಳು ಕರೆಗಳು ಹೊರಡುತ್ತವೆ. ಅಜ್ಜಿ ನಿಜವಾಗಿ ಬೀಳುವುದು ವರ್ಷಕ್ಕೊಮ್ಮೆ ಎಂದಾದರೆ, ಆ ಒಂದು ನಿಜವಾದ ಕರೆ ಐನೂರು ಸುಳ್ಳು ಕರೆಗಳ ನಡುವೆ ಬಂದಂತಾಯಿತು. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಹತ್ತನೆಯ ಸುಳ್ಳು ಕರೆಯ ನಂತರ ಮಗ ಫೋನಿನ ಸದ್ದನ್ನೇ ಅಡಗಿಸಿಡುತ್ತಾನೆ. ಸಂಶೋಧಕರು ಈ ಲೆಕ್ಕವನ್ನು ತಗ್ಗಿಸಲು ಹಲವು ಸಂವೇದಕಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗಿ ನೋಡುತ್ತಾರೆ. ಕರೆ ಕಳುಹಿಸುವ ಮೊದಲು ಮನೆಯಲ್ಲಿರುವವರನ್ನೇ ಕೇಳುವ ಏರ್ಪಾಡನ್ನೂ ಮಾಡುತ್ತಾರೆ. ಆದರೂ ಯಂತ್ರವು ಕೆಲವೊಮ್ಮೆ ತಪ್ಪುತ್ತದೆ ಎಂಬುದನ್ನು ಒಪ್ಪಿಕೊಂಡೇ ವ್ಯವಸ್ಥೆಯನ್ನು ರಚಿಸಬೇಕಾಗಿದೆ.

ನಮ್ಮ ಮನೆಗಳ ಮಾತು

ಮೇಲೆ ಹೇಳಿದ ಪ್ರಯೋಗಗಳು ನಡೆದದ್ದು ಅಮೆರಿಕದ ಮನೆಗಳಲ್ಲಿ. ಅಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ. ಊಟ ಮೇಜಿನ ಮೇಲೆ. ನಿದ್ರೆ ಮಂಚದ ಮೇಲೆ. ನಮ್ಮಲ್ಲಿ ಹಾಗಲ್ಲ. ಹಿರಿಯರು ನೆಲದ ಮೇಲೆ ಕುಳಿತು ಊಟ ಮಾಡುತ್ತಾರೆ, ಕಾಯಿಪಲ್ಲೆ ಹೆಚ್ಚುತ್ತಾರೆ, ಮಧ್ಯಾಹ್ನ ಚಾಪೆಯ ಮೇಲೆ ಒರಗುತ್ತಾರೆ. ಮೈ ನೆಲದ ಮಟ್ಟಕ್ಕೆ ಇಳಿದದ್ದನ್ನೇ ಬಿದ್ದುದರ ಗುರುತೆಂದು ಹಿಡಿಯುವ ಯಂತ್ರವು ಇಂಥ ಮನೆಯಲ್ಲಿ ದಿನಕ್ಕೆ ಹತ್ತು ಸಲ ಗಾಬರಿಯಾಗಬೇಕಾದೀತು. ಇದಕ್ಕೆ ತದ್ವಿರುದ್ಧವಾದ ತೊಡಕೂ ಇದೆ. ಬೆಳಗಿನ ಪೂಜೆಗೆ ಕುಳಿತವರು ಅರ್ಧ ಗಂಟೆ ಅಲುಗಾಡದೆ ಕೂತಿರುತ್ತಾರೆ. ಚಲನೆಯನ್ನು ಮಾತ್ರ ಬಲ್ಲ ಸಂವೇದಕಕ್ಕೆ ಆ ಕೋಣೆ ಬರಿದಾಗಿ ಕಾಣುತ್ತದೆ. ಅದು ದೀಪವನ್ನು ಆರಿಸಿದರೂ ಆರಿಸೀತು.

ಹವೆಯ ಮಾತನ್ನೂ ಮರೆಯುವಂತಿಲ್ಲ. ಶಾಖದಿಂದ ಮನುಷ್ಯನನ್ನು ಗುರುತಿಸುವ ಸಂವೇದಕವು ಮೈಯ ಬಿಸಿಗೂ ಕೋಣೆಯ ಬಿಸಿಗೂ ಇರುವ ಅಂತರವನ್ನೇ ನೆಚ್ಚಿಕೊಂಡಿದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಿನ ಮಧ್ಯಾಹ್ನ ಉಷ್ಣತೆ ೪೦ ಡಿಗ್ರಿಯನ್ನು ಮೀರುತ್ತದೆ. ಮೈಯ ಹೊರಗಿನ ಉಷ್ಣತೆಗೂ ಕೋಣೆಯ ಉಷ್ಣತೆಗೂ ಅಂತರ ಉಳಿಯದ ಆ ಹೊತ್ತಿನಲ್ಲಿ ಸಂವೇದಕದ ದೃಷ್ಟಿ ಮಂದವಾಗುತ್ತದೆ. ವೃದ್ಧರಿಗೆ ಬಿಸಿಲಿನ ಅಪಾಯ ಅತ್ಯಂತ ಹೆಚ್ಚಿರುವ ಹೊತ್ತಿಗೇ ಕಾವಲಿನ ಕಣ್ಣು ಮಬ್ಬಾದಂತಾಯಿತು. ಇನ್ನು ಗಾಜಿನ ಮೇಲೆ ಹರಿದಾಡುವ ಹಲ್ಲಿ ಒಂದು ಸಾಕು, ಅದು ಆನೆಯಷ್ಟು ದೊಡ್ಡದಾಗಿ ಸಂವೇದಕಕ್ಕೆ ತೋರುತ್ತದೆ. ತುಂಬಿದ ಮನೆಯಾದರೆ ಮತ್ತೊಂದು ಗೊಂದಲ: ಬಚ್ಚಲಿಗೆ ಹೋದವರು ಅಜ್ಜಿಯೋ ಮೊಮ್ಮಗನೋ, ಅತಿಥಿಯೋ, ಕೆಲಸಕ್ಕೆ ಬಂದ ಹೆಂಗಸೋ?

ಮಾತಿನಿಂದ ಆಜ್ಞೆ ಪಡೆಯುವ ಯಂತ್ರಗಳ ವಿಷಯದಲ್ಲಿಯೂ ಇದೇ ತೊಡಕಿದೆ. ಧಾರವಾಡದ ಅಜ್ಜಿಯ ಕನ್ನಡವೂ ಮೈಸೂರಿನ ಅಜ್ಜಿಯ ಕನ್ನಡವೂ ಒಂದೇ ರೀತಿ ಕೇಳುವುದಿಲ್ಲ. ಹಲ್ಲಿಲ್ಲದ ಬಾಯಿಯ ಮಾತು, ನೋವಿನ ನರಳಾಟ ಇವನ್ನು ಯಂತ್ರಕ್ಕೆ ಕಲಿಸುವವರು ನಮ್ಮ ನಡುವಿನಿಂದಲೇ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೧೧ರಿಂದ ಸಂವೇದಕ ಹಾಗೂ ಗಣಕಗಳ ಸಂಯುಕ್ತ ವ್ಯವಸ್ಥೆಗಳಿಗೆಂದೇ ಒಂದು ಕೇಂದ್ರವಿದೆ. ಇಂಥ ಕಡೆಗಳಲ್ಲಿ ಕಲಿಯುವ ನಮ್ಮ ಮಕ್ಕಳು ನಮ್ಮ ಪಡಸಾಲೆ, ನಡುಮನೆಗಳನ್ನು ಪ್ರಯೋಗಶಾಲೆಯೊಳಕ್ಕೆ ತರುವುದು ಒಳಿತು.

ಮನೆಯ ಯಂತ್ರಕ್ಕೆ ಯಜಮಾನರು ಯಾರು?

೨೦೦೧ರಲ್ಲಿ ಜೆರಾಕ್ಸ್ ಕೇಂದ್ರದ ಕೀತ್ ಎಡ್ವರ್ಡ್ಸ್ ಮತ್ತು ರೆಬೆಕಾ ಗ್ರಿಂಟರ್ ಎಂಬ ಇಬ್ಬರು ಸಂಶೋಧಕರು ಮನೆಯಲ್ಲಿ ಗಣಕವನ್ನು ನೆಲೆಗೊಳಿಸುವಾಗ ಎದುರಾಗುವ ಏಳು ಸವಾಲುಗಳನ್ನು ಪಟ್ಟಿ ಮಾಡಿದರು. ಇಷ್ಟು ವರ್ಷಗಳ ನಂತರವೂ ಆ ಪಟ್ಟಿಗೆ ಮುಪ್ಪು ಬಂದಿಲ್ಲ. ಪ್ರಯೋಗಶಾಲೆಯ ಮನೆಯನ್ನು ಅಡಿಪಾಯದಿಂದ ಯೋಜಿಸಿ ಕಟ್ಟುತ್ತಾರೆ. ನಿಜವಾದ ಮನೆಗೆ ಉಪಕರಣಗಳು ಒಂದೊಂದಾಗಿ ಬಂದು ಸೇರುತ್ತವೆ ಎಂದು ಅವರು ತೋರಿಸಿದರು. ದೀಪಾವಳಿಗೆ ಒಂದು, ಮಗ ಊರಿಗೆ ಬಂದಾಗ ಒಂದು, ಅಳಿಯ ಉಡುಗೊರೆ ಕೊಟ್ಟದ್ದೊಂದು ಹೀಗೆ ನಮ್ಮಲ್ಲಿಯೂ ಬರುತ್ತವೆ. ಬೇರೆ ಬೇರೆ ಕಂಪನಿಗಳ ಈ ವಸ್ತುಗಳು ಒಂದರ ಭಾಷೆಯನ್ನು ಮತ್ತೊಂದು ಅರಿಯವು. ಕಚೇರಿಯಲ್ಲಿ ಗಣಕ ಕೆಟ್ಟರೆ ಸರಿಪಡಿಸಲು ಒಬ್ಬ ಸಿಬ್ಬಂದಿ ಇರುತ್ತಾನೆ. ಮನೆಯಲ್ಲಿ ಎಂಬತ್ತರ ಅಜ್ಜಿಯೇ ಆ ಸಿಬ್ಬಂದಿಯಾಗಬೇಕೇ?

ಭರವಸೆಯ ಪ್ರಶ್ನೆಯೂ ಗಂಭೀರವಾದದ್ದು. ಗೋಡೆಯ ಸ್ವಿಚ್ಚು ಇಪ್ಪತ್ತು ವರ್ಷ ಕೆಲಸ ಮಾಡುತ್ತದೆ. ಗಣಕಕ್ಕೆ ಆ ಆಯುಷ್ಯವಿಲ್ಲ. ೨೦೧೬ರ ಜನವರಿಯಲ್ಲಿ ಅಮೆರಿಕದ ಪ್ರಸಿದ್ಧ ನೆಸ್ಟ್ ಉಷ್ಣತಾ ನಿಯಂತ್ರಕಗಳಲ್ಲಿ ತಂತ್ರಾಂಶದ ದೋಷದಿಂದ ಬ್ಯಾಟರಿ ಬರಿದಾಗಿ, ಕೊರೆಯುವ ಚಳಿಯಲ್ಲಿ ಮನೆಗಳು ಬೆಚ್ಚಗಾಗದೆ ಉಳಿದವು. ಅದೇ ವರ್ಷದ ಮೇ ತಿಂಗಳಲ್ಲಿ ರಿವಾಲ್ವ್ ಎಂಬ ಗೃಹೋಪಕರಣದ ಒಡೆತನ ಪಡೆದಿದ್ದ ಕಂಪನಿಯು ದೂರದಲ್ಲಿದ್ದ ತನ್ನ ಸೇವೆಯನ್ನು ನಿಲ್ಲಿಸಿತು. ಜನರು ಸುಮಾರು ೩೦೦ ಡಾಲರು ತೆತ್ತು ಕೊಂಡಿದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ನಿರುಪಯೋಗಿಯಾದವು. ವಸ್ತು ನಮ್ಮ ಮನೆಯಲ್ಲಿದ್ದರೂ ಅದರ ಪ್ರಾಣ ಬೇರೆಯವರ ಕೈಯಲ್ಲಿತ್ತು. ವಿದ್ಯುತ್ತು ಹೋಗುವುದು, ಇಂಟರ್‌ನೆಟ್ ಕಡಿಯುವುದು ದಿನನಿತ್ಯದ ಮಾತಾಗಿರುವ ಊರುಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಯಂತ್ರ ನಿಂತಾಗಲೂ ದೀಪ ಹತ್ತಬೇಕು, ಬಾಗಿಲು ತೆರೆಯಬೇಕು.

ಕಾವಲೋ, ಕಾಳಜಿಯೋ?

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಗೌರವದ್ದು. ತಾಯಿ ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಸಲ ಬಚ್ಚಲಿಗೆ ಹೋದಳು, ಯಾರು ಅವಳನ್ನು ಕಾಣಲು ಬಂದರು ಎಂಬುದನ್ನೆಲ್ಲ ಮಗ ಸಾವಿರ ಮೈಲಿ ದೂರದಿಂದ ನೋಡುವುದು ಪ್ರೀತಿಯೇ ಇರಬಹುದು. ಆದರೆ ತಾಯಿಗೆ ಅದು ಹೇಗೆ ತೋರೀತು? ತಾನು ಕಟ್ಟಿದ ಮನೆಯಲ್ಲಿಯೇ ತಾನು ಕೈದಿಯಂತೆ ಇದ್ದೇನೆಂದು ಅನ್ನಿಸದಿರಬೇಕಲ್ಲವೇ?

ಈ ಸೂಕ್ಷ್ಮವನ್ನು ಅರಿತು ಮಾಡಿದ ಎರಡು ಪ್ರಯೋಗಗಳು ಗಮನಾರ್ಹವಾಗಿವೆ. ಜಪಾನಿನ ಜೋಜಿರುಶಿ ಕಂಪನಿಯು ೨೦೦೧ರಲ್ಲಿ ನೀರು ಕಾಯಿಸುವ ಒಂದು ವಿದ್ಯುತ್ ಪಾತ್ರೆಯನ್ನು ಹೊರತಂದಿತು. ಜಪಾನಿನ ಹಿರಿಯರು ದಿನಕ್ಕೆ ಹಲವು ಸಲ ಚಹಾ ಮಾಡಿಕೊಳ್ಳುತ್ತಾರೆ. ಪಾತ್ರೆಯನ್ನು ಬಳಸಿದ ವೇಳೆಯನ್ನು ಅದು ದಿನಕ್ಕೆರಡು ಬಾರಿ ಮಕ್ಕಳಿಗೆ ತಿಳಿಸುತ್ತದೆ. ಕ್ಯಾಮೆರ ಇಲ್ಲ, ಧ್ವನಿಮುದ್ರಣವಿಲ್ಲ. ತಾಯಿ ಚಹಾ ಮಾಡಿಕೊಂಡಳೆಂಬ ಒಂದೇ ಸುದ್ದಿ. ಜಾರ್ಜಿಯ ಟೆಕ್‌ನ ಎಲಿಜಬೆತ್ ಮೈನಟ್ ಮತ್ತು ಸಂಗಡಿಗರು ಮಾಡಿದ್ದು ಇದಕ್ಕಿಂತಲೂ ಸೊಗಸಾದದ್ದು. ಮಕ್ಕಳ ಮನೆಯ ಗೋಡೆಯ ಮೇಲೆ ಅಜ್ಜಿಯ ಭಾವಚಿತ್ರ. ಅದರ ಚೌಕಟ್ಟಿನ ಸುತ್ತ ಚಿಟ್ಟೆಗಳ ಸಾಲು. ಅಜ್ಜಿ ಲವಲವಿಕೆಯಿಂದ ಓಡಾಡಿದ ದಿನದ ಚಿಟ್ಟೆ ದೊಡ್ಡದು, ಹೆಚ್ಚು ಓಡಾಡದ ದಿನದ್ದು ಚಿಕ್ಕದು. ೨೮ ದಿನಗಳ ಸ್ಥಿತಿ ಒಂದೇ ನೋಟಕ್ಕೆ ಕಾಣುತ್ತಿತ್ತು. ಆಕೆ ಯಾವ ಕೋಣೆಯಲ್ಲಿ ಏನು ಮಾಡಿದಳೆಂಬುದು ಮಾತ್ರ ಆಕೆಯದಾಗಿಯೇ ಉಳಿಯುತ್ತಿತ್ತು. ಎಷ್ಟು ತಿಳಿದುಕೊಳ್ಳಬಹುದು ಎಂಬುದಕ್ಕಿಂತ ಎಷ್ಟು ತಿಳಿದರೆ ಸಾಕು ಎಂದು ಕೇಳಿಕೊಂಡವರ ಕೆಲಸವಿದು.

ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ದೀನಾ ಕತಾಬಿ ಅವರ ತಂಡವು ಮೈಗೆ ಏನನ್ನೂ ಕಟ್ಟಿಕೊಳ್ಳದೆ, ಕ್ಯಾಮೆರವೂ ಇಲ್ಲದೆ, ರೇಡಿಯೊ ಅಲೆಗಳು ಮನುಷ್ಯನ ಮೈಗೆ ತಾಗಿ ಮರಳುವುದರಿಂದಲೇ ಬಿದ್ದುದನ್ನು ಪತ್ತೆ ಮಾಡುವ ಉಪಕರಣವನ್ನು ರಚಿಸಿತು. ೨೦೧೫ರಲ್ಲಿ ಅದನ್ನು ಅಮೆರಿಕದ ಅಧ್ಯಕ್ಷರ ನಿವಾಸದಲ್ಲಿ ಪ್ರದರ್ಶಿಸಲಾಯಿತು. ಬಚ್ಚಲಿನಂಥ ಜಾಗಕ್ಕೆ ಇದು ಕ್ಯಾಮೆರಕ್ಕಿಂತ ಮರ್ಯಾದೆಯ ದಾರಿ. ಆದರೆ ಈ ಅಲೆಗಳು ಗೋಡೆಯನ್ನು ದಾಟಬಲ್ಲವು. ನಮ್ಮ ಮನೆಯ ಸಂವೇದಕ ಪಕ್ಕದ ಮನೆಯವರನ್ನೂ ನೋಡೀತೆಂಬುದನ್ನು ಮರೆಯಬಾರದು.

ಮನೆಯ ಸಂಗತಿ ಹೊರಗೆ ಹೋಗುವ ಅಪಾಯ ಕೇವಲ ಕಲ್ಪನೆಯಲ್ಲ. ೨೦೧೬ರ ಅಕ್ಟೋಬರ್ ೨೧ರಂದು 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ದುರ್ಬಲ ಗುಪ್ತಪದಗಳಿದ್ದ ಅಸಂಖ್ಯ ಮನೆಗಳ ಕ್ಯಾಮೆರ ಮೊದಲಾದ ಉಪಕರಣಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕವೇ ಅಮೆರಿಕದ ಪ್ರಮುಖ ಜಾಲತಾಣಗಳನ್ನು ಸ್ಥಗಿತಗೊಳಿಸಿತು. ಅಪಾಯ ಹೊರಗಿನಿಂದಲೇ ಬರಬೇಕೆಂದಿಲ್ಲ. ಮನೆಯ ಬೀಗ, ದೀಪ, ಕ್ಯಾಮೆರಗಳ ಹಿಡಿತವನ್ನು ಒಬ್ಬನೇ ಇಟ್ಟುಕೊಂಡು ಹೆಂಡತಿಯನ್ನು ಪೀಡಿಸಿದ ಪ್ರಸಂಗಗಳನ್ನು ೨೦೧೮ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ವರದಿ ಮಾಡಿತು. ಯಂತ್ರದ ಕೀಲಿಕೈ ಯಾರ ಬಳಿ ಇರಬೇಕೆಂಬುದು ಸಂಸಾರದೊಳಗಿನ ನ್ಯಾಯದ ಪ್ರಶ್ನೆಯೂ ಆಗಿದೆ.

ಈ ವಿಷಯದಲ್ಲಿ ಕನ್ನಡಿಗರಿಗೆ ಹೆಮ್ಮೆಯ ಒಂದು ಸಂಗತಿಯಿದೆ. ಖಾಸಗಿತನವು ಪ್ರಜೆಗಳ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅದನ್ನು ಹೂಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಮುಂದೆ ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾಯಿದೆಯನ್ನೂ ಅಂಗೀಕರಿಸಿತು. ವೃದ್ಧರಾದ ಮಾತ್ರಕ್ಕೆ ಯಾರೂ ಈ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ಫಲವೆಷ್ಟು?

ಇಷ್ಟೆಲ್ಲ ಯಂತ್ರಗಳಿಂದ ಜನರಿಗೆ ನಿಜವಾಗಿ ಎಷ್ಟು ಒಳಿತಾಯಿತು? ಇಂಗ್ಲೆಂಡಿನ ಸರ್ಕಾರ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿತು. ಕಾರ್ನ್‌ವಾಲ್, ಕೆಂಟ್ ಮತ್ತು ಲಂಡನ್ನಿನ ನ್ಯೂಹ್ಯಾಮ್ ಪ್ರದೇಶಗಳಲ್ಲಿ ೨೦೦೮ರಿಂದ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಿತು. ಮನೆಯ ಸಂವೇದಕಗಳ ಭಾಗದಲ್ಲಿ ಸುಮಾರು ೨,೬೦೦ ಜನ ಸೇರಿದ್ದರು. ಕೆಲವರ ಮನೆಗೆ ಉಪಕರಣ ಕೊಟ್ಟರು, ಉಳಿದವರಿಗೆ ಎಂದಿನ ಸೇವೆಯನ್ನು ಮುಂದುವರಿಸಿದರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹನ್ನೆರಡು ತಿಂಗಳ ಅವಧಿಯಲ್ಲಿ ಆಸ್ಪತ್ರೆ ಸೇರುವುದರಲ್ಲಾಗಲಿ ಇತರ ಸೇವೆಗಳ ಬಳಕೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಯಂತ್ರ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಯಂತ್ರವು ಕರೆ ಕಳುಹಿಸಬಹುದು. ಕರೆಗೆ ಓಗೊಟ್ಟು ಬಂದು ಎತ್ತಿ ಕೂಡಿಸುವ ಕೈ ಎಷ್ಟು ಬೇಗ ಬರುತ್ತದೆ ಎಂಬುದು ಬೇರೆಯೇ ಮಾತು. ಆ ಕೈಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಮತ್ತೊಂದು ಎಚ್ಚರಿಕೆಯನ್ನು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ೧೯೮೩ರಷ್ಟು ಹಿಂದೆಯೇ ಕೊಟ್ಟಿದ್ದರು. ಬಟ್ಟೆ ಒಗೆಯುವ ಯಂತ್ರ ಮೊದಲಾದವು ಅಮೆರಿಕದ ಮನೆಗಳಿಗೆ ಬಂದ ಮೇಲೆ ಗೃಹಿಣಿಯ ದುಡಿತ ಕಡಿಮೆಯಾಗಲಿಲ್ಲ. ಸ್ವಚ್ಛತೆಯ ಅಳತೆಗೋಲೇ ಎತ್ತರವಾಗಿ ತಾಯಿಯ ಕೆಲಸ ಹೆಚ್ಚಿತು ಎಂದು ಅವರು ತೋರಿಸಿದರು. ಸಂವೇದಕಗಳ ಕರೆಗಳನ್ನು ನೋಡುವ, ಬ್ಯಾಟರಿ ಬದಲಿಸುವ, ಉತ್ತರ ಕೊಡುವ ಹೊಸ ದುಡಿತವೂ ಮನೆಯ ಸೊಸೆಯೊಬ್ಬಳ ಪಾಲಿಗೇ ಬೀಳದಂತೆ ನೋಡಿಕೊಳ್ಳಬೇಕು.

ಮಸಾಚುಸೆಟ್ಸ್‌ನ ಸ್ಟೀಫನ್ ಇಂಟಿಲ್ ಅವರ ಅಭಿಪ್ರಾಯ ಇಲ್ಲಿ ನೆನೆಯತಕ್ಕದ್ದು. ಮನೆ ಎಲ್ಲವನ್ನೂ ತಾನೇ ಮಾಡಿಕೊಟ್ಟರೆ ಹಿರಿಯರ ಮೈಮನಸ್ಸುಗಳು ಜಡವಾಗುತ್ತವೆ. ಮನೆ ತಕ್ಕ ಹೊತ್ತಿಗೆ ತಕ್ಕ ಸೂಚನೆ ಕೊಡಲಿ, ಮಾಡುವ ಕೆಲಸ ಮನುಷ್ಯನದಾಗಿಯೇ ಇರಲಿ ಎಂದು ಅವರು ವಾದಿಸಿದರು. ಕಿಟಕಿಯನ್ನು ಯಂತ್ರವೇ ತೆರೆಯುವ ಬದಲು, 'ಹೊರಗೆ ತಂಪಾಗಿದೆ, ಕಿಟಕಿ ತೆರೆಯಬಹುದು' ಎಂದು ತಿಳಿಸಿದರೆ ಸಾಕು. ಎದ್ದು ಹೋಗಿ ತೆರೆಯುವ ನಾಲ್ಕು ಹೆಜ್ಜೆ ಅಜ್ಜನ ಮೊಣಕಾಲಿಗೂ ಮನಸ್ಸಿಗೂ ಒಳ್ಳೆಯದು.

ಕೊಳ್ಳುವ ಮುನ್ನ

ಇಂಥ ಉಪಕರಣಗಳು ಈಗ ನಮ್ಮ ಪೇಟೆಗಳಿಗೂ ಬಂದಿವೆ. ಊರಿನಲ್ಲಿರುವ ತಂದೆತಾಯಿಗಳಿಗಾಗಿ ಅವನ್ನು ಕೊಳ್ಳಬೇಕೆಂದಿರುವವರು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತ. ಹಿರಿಯರನ್ನು ಕೂಡಿಸಿಕೊಂಡು ವಿವರಿಸಿ ಅವರ ಒಪ್ಪಿಗೆ ಪಡೆದಿದ್ದೇವೆಯೇ? ಬೇಡವೆನಿಸಿದಾಗ ಅವರೇ ಅದನ್ನು ನಿಲ್ಲಿಸಬಲ್ಲರೇ? ಅದು ಕೂಡಿಡುವ ಮಾಹಿತಿ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ? ಗುಪ್ತಪದವನ್ನು ಬದಲಿಸಿದ್ದೇವೆಯೇ? ವಿದ್ಯುತ್ತು ಇಂಟರ್‌ನೆಟ್ಟುಗಳು ಇಲ್ಲದಾಗ ಅದು ಏನು ಮಾಡುತ್ತದೆ? ಕಂಪನಿ ಮುಚ್ಚಿದರೆ ಗತಿಯೇನು? ಕೊನೆಯದಾಗಿ, ಕರೆ ಬಂದಾಗ ಹತ್ತು ನಿಮಿಷದಲ್ಲಿ ಮನೆಯ ಬಾಗಿಲಿಗೆ ಬರಬಲ್ಲವರು ಯಾರು? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಪಕರಣಕ್ಕಿಂತ ಮೊದಲು ಒಬ್ಬ ನೆರೆಯವರ ಸ್ನೇಹವನ್ನು ಸಂಪಾದಿಸುವುದು ಮೇಲು.

ಬಚ್ಚಲಿನ ಗೋಡೆಗೆ ಹಿಡಿಕೆ, ಜಾರದ ನೆಲ, ರಾತ್ರಿ ಉರಿಯುವ ಪುಟ್ಟ ದೀಪ ಇವು ಯಾವ ಗಣಕದ ಹಂಗೂ ಇಲ್ಲದೆ ಬೀಳುವುದನ್ನೇ ತಪ್ಪಿಸುತ್ತವೆ ಎಂಬುದೂ ನೆನಪಿನಲ್ಲಿರಲಿ. ಸಂವೇದಕಗಳು ಬಿದ್ದ ನಂತರದ ಮಾತು.

ವಿಜ್ಞಾನವನ್ನು ಅನುಮಾನದಿಂದ ದೂರವಿಡುವುದು ಈ ಲೇಖನದ ಆಶಯವಲ್ಲ. ಒಂಟಿಯಾಗಿ ಬಿದ್ದು ಗಂಟೆಗಟ್ಟಲೆ ನೆರವಿಲ್ಲದೆ ನರಳಿದವರ ನೋವನ್ನು ಬಲ್ಲವರು ಯಾರೂ ಹಾಗೆನ್ನಲಾರರು. ಒಂದು ಸರಿಯಾದ ಕರೆ ಒಂದು ಜೀವವನ್ನು ಉಳಿಸೀತು. ಆದರೆ ಮನೆಗೆ ಅರಿವು ಬರುವುದೆಂದರೆ ಸುಳಿವುಗಳನ್ನು ಕೂಡಿಹಾಕುವುದಷ್ಟೇ ಆಗಲಾರದು. "ಆರಾಮ ಇದ್ದೀನಿ" ಎಂಬ ತಾಯಿಯ ಮಾತಿನಲ್ಲಿ ದನಿ ಸ್ವಲ್ಪ ನಡುಗಿದ್ದನ್ನು ಗುರುತಿಸಿ, "ಖರೇ ಹೇಳವ್ವಾ, ಏನಾಗೇದ?" ಎಂದು ಮತ್ತೊಮ್ಮೆ ಕೇಳುವ ಅರಿವು ಮಕ್ಕಳದೇ. ಯಂತ್ರವು ಆ ಪ್ರಶ್ನೆ ಕೇಳಬೇಕಾದ ಹೊತ್ತನ್ನು ನೆನಪಿಸಿಕೊಟ್ಟರೆ ಅದು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಂತೆ. ಕೇಳುವ ಹೊಣೆ ನಮ್ಮದು.